ಸಾದಾ ಕಿಲ್ಟಿನ ಮೇಲೆ ಎಷ್ಟು ಚೌಕಳಿ?

ಮೇಜಿನ ಮೇಲೆ ಹರಡಿದ್ದ ಕಿಲ್ಟಿಗೆ, ಎಂದರೆ ಗಂಡಸರು ಸೊಂಟದಿಂದ ಮೊಣಕಾಲಿನವರೆಗೆ ಉಡುವ ನೆರಿಗೆಯ ಉಡುಪಿಗೆ, ‘ಕೇಸರಿ’ ಎಂಬ ಚೀಟಿ ಅಂಟಿಸಿದ್ದರು. ನಮ್ಮ ಕಣ್ಣಿಗೆ ಅದು ಕೇಸರಿಯಲ್ಲ. ಧ್ವಜದ ಕೇಸರಿಯ ಉರಿ ಅದರಲ್ಲಿಲ್ಲ, ಅರಿಸಿನದ ಹೊಳಪೂ ಇಲ್ಲ. ಜೋನಿ ಬೆಲ್ಲವನ್ನು ಬಿಳಿ ತಟ್ಟೆಯ ಮೇಲೆ ತೆಳ್ಳಗೆ ಸವರಿದರೆ ಕಾಣುತ್ತದಲ್ಲ, ಆ ಬಣ್ಣ. ಹುಣಸೆ ಹಚ್ಚಿ ತಿಕ್ಕುವ ಮೊದಲು ಹಳೆಯ ಹಿತ್ತಾಳೆ ಕೊಳಗಕ್ಕೆ ಇರುವ ಬಣ್ಣ. ದಪ್ಪ ಉಣ್ಣೆಯ ಬಟ್ಟೆ, ಹಿಂದೆಲ್ಲ ಒತ್ತಾದ ನೆರಿಗೆ, ಮುಂದೆ ಒಂದರ ಮೇಲೊಂದು ಬೀಳುವ ಎರಡು ಸಪಾಟು ಪದರ. ಗೆರೆಯಿಲ್ಲ, ಚೌಕವಿಲ್ಲ, ಅಂಚಿಲ್ಲ. ನೆರಿಗೆಯ ನೆರಳೇ ಅದರ ವಿನ್ಯಾಸ.

ಕಿಲ್ಟಿನ ಪಕ್ಕದಲ್ಲಿ ಒಂದು ಚೀಲ, ಅದರಲ್ಲಿ ಮೂರು ಮೀಟರ್ ಟಾರ್ಟನ್, ಮನೆತನದ ಗುರುತಾದ ಚೌಕಳಿಯ ಬಟ್ಟೆ. ಬಿಚ್ಚಿದಾಗ ಕೋಣೆಗೆ ದೀಪ ಹಚ್ಚಿದಂತಾಯಿತು. ಹಳದಿ ನೆಲ, ಅದರ ಮೇಲೆ ಅಗಲವಾದ ಕಪ್ಪು ಪಟ್ಟಿಗಳು, ಹಳದಿಯ ನಟ್ಟನಡುವೆ ತೆಳುವಾದ ಒಂದು ಕೆಂಪು ಗೆರೆ. ಟಾರ್ಟನ್ ಬಲ್ಲವರು ದೂರದಿಂದಲೇ ಗುರುತಿಸುವ ಬಟ್ಟೆ: ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಮ್ಯಾಕ್ಲೌಡ್ ಮನೆತನದ್ದು. ‘ಜೋರು ದನಿಯ ಮ್ಯಾಕ್ಲೌಡ್’ ಎಂದು ಅದನ್ನು ಅಲ್ಲಿನವರೇ ಪ್ರೀತಿಯಿಂದ ಕರೆಯುತ್ತಾರೆ.

ತಂದವರು ನಮ್ಮ ಬೀದಿಯ ಕೊನೆಯ ಮನೆಯ ಹಿರಿಯರು, ಎಪ್ಪತ್ತರ ಆಸುಪಾಸಿನವರು. ಡಬ್ಲಿನ್ನಿನ ಉತ್ತರಕ್ಕಿರುವ ಈ ಊರಿನಲ್ಲಿ ನಾನು ಬಟ್ಟೆ ಹೊಲಿಯುವುದು, ತಿದ್ದುವುದು ಮಾಡುತ್ತೇನೆ. ಆರು ವಾರಕ್ಕೆ ಅವರ ಮಗಳ ಮದುವೆ. ಆ ಮೂರು ಮೀಟರಿನಲ್ಲಿ ತನಗೆ ಒಂದು ವೇಸ್ಟ್‌ಕೋಟು, ಒಂದು ಟೈ, ಹೆಗಲ ಮೇಲೆ ಹೊದೆಯುವ ಪ್ಲ್ಯಾಡ್ ಎಂಬ ಬಟ್ಟೆ, ಕಾಲುಚೀಲದ ಪಟ್ಟಿಗಳು, ಎಲ್ಲವೂ ಆಗಬೇಕು ಎಂದರು. ‘ಕಿಲ್ಟು ಸಾದಾ ಇದೆಯಲ್ಲ, ಮೇಲೆ ಎಷ್ಟಾದರೂ ತಡೆಯುತ್ತದೆ’ ಎಂಬುದು ಅವರ ಲೆಕ್ಕ.

ಅವರ ಅಜ್ಜ ಐರ್ಲೆಂಡಿನ ಡೊನೆಗಾಲ್‌ನವರು. ಆ ಕಡೆಯ ಬಡ ಕುಟುಂಬಗಳು ಸುಗ್ಗಿಯ ಕಾಲಕ್ಕೆ ಗುಂಪುಗುಂಪಾಗಿ ಸ್ಕಾಟ್ಲೆಂಡಿಗೆ ಆಲೂಗಡ್ಡೆ ಕೀಳಲು ಹೋಗುತ್ತಿದ್ದವು. ಅಜ್ಜಿ ಲೂಯಿಸ್ ದ್ವೀಪದವರು, ಹೆರಿಂಗ್ ಮೀನು ಸೀಳುವ ಕೆಲಸಕ್ಕೆ ಬಂದರಿನಿಂದ ಬಂದರಿಗೆ ಹೋಗುತ್ತಿದ್ದ ಹೆಣ್ಣುಮಕ್ಕಳ ಪೈಕಿ ಒಬ್ಬರು. ಚೂರಿಯ ಏಟು ತಾಗದಿರಲಿ, ಗಾಯಕ್ಕೆ ಉಪ್ಪು ಇಳಿಯದಿರಲಿ ಎಂದು ಆ ಹೆಣ್ಣುಮಕ್ಕಳು ಬೆರಳು ಬೆರಳಿಗೂ ಬಟ್ಟೆಯ ಚಿಂದಿ ಸುತ್ತಿ ದಾರ ಕಟ್ಟಿಕೊಳ್ಳುತ್ತಿದ್ದರು. ಅಜ್ಜನ ಐರಿಷ್, ಅಜ್ಜಿಯ ಗೇಲಿಕ್, ಎರಡೂ ದಾಯಾದಿ ಭಾಷೆಗಳು. ಅರ್ಧ ಅರ್ಥವಾಗಿ ಅರ್ಧ ಆಗದೆ ಸಂಸಾರ ನಡೆಯಿತಂತೆ. ಕಿಲ್ಟು ಅಜ್ಜನ ಪಾಲು, ಟಾರ್ಟನ್ ಅಜ್ಜಿಯ ಪಾಲು. ಇಬ್ಬರನ್ನೂ ಅವರ ಮೊಮ್ಮಗನ ಮಗಳ ಮದುವೆಗೆ ಕರೆದುಕೊಂಡು ಹೋಗಬೇಕು. ಅವರು ಕೇಳಿದ್ದು ಇಷ್ಟೇ.

ಆದರೂ ನನ್ನ ಬಾಯಿಂದ ಮೊದಲು ಬಂದ ಮಾತು ‘ಬೇಡ’ ಎಂದೇ.

ನಾನು ಗುಳೇದಗುಡ್ಡದವಳು. ಖಣದ ಮಗ್ಗದ ಸದ್ದು ಕೇಳುತ್ತ ಬೆಳೆದವಳು. ಇಳಕಲ್ ಸೀರೆಗೆ ಖಣದ ಕುಪ್ಪಸ ಆರಿಸುವುದನ್ನು ಅವ್ವ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಗಂಟೆಗಟ್ಟಲೆ ಮಾಡುತ್ತಿದ್ದಳು. ಸೀರೆಯ ಮೈ ಚೌಕಳಿಯಾಗಿದ್ದರೆ ಖಣ ಆದಷ್ಟು ಸಣ್ಣ ಬುಟ್ಟಿಯದಿರಬೇಕು. ಮೈ ಸಾದಾ ಇದ್ದರೆ ಖಣ ಮಾತಾಡಬಹುದು, ಆದರೆ ಅದೊಂದೇ ಮಾತಾಡಬೇಕು. ಸಾದಾ ಮೈ ಖಾಲಿ ಜಾಗವಲ್ಲ, ಅದು ತುಂಬಿದ ಜಾಗ ಎಂಬುದನ್ನು ನಾನು ಅಲ್ಲಿ ಕಲಿತೆ. ಟಾರ್ಟನ್ನನ್ನು ಮೊದಲು ಕಂಡದ್ದೂ ಆ ದಿನಗಳಲ್ಲಿಯೇ, ಜನವರಿ 26ರ ಪೆರೇಡನ್ನು ಟಿವಿಯಲ್ಲಿ ನೋಡುವಾಗ. ನಮ್ಮ ಸೇನೆಯ ಬ್ಯಾಗ್‌ಪೈಪ್ ವಾದಕರು ಒಂದೇ ಬಣ್ಣದ ಸಮವಸ್ತ್ರದ ಮೇಲೆ ಚೌಕಳಿಯ ಪಟ್ಟಿಯೊಂದನ್ನು ಹೆಗಲಿಗೆ ಹಾಕಿಕೊಂಡು ಸಾಗುತ್ತಿದ್ದರು. ಜಾತ್ರೆಯಲ್ಲಿ ಹಿರಿಯರು ಹೆಗಲಿಗೆ ಹಾಕುವ ಕಂಬಳಿಯಂಥದ್ದು ಎಂದುಕೊಂಡಿದ್ದೆ. ಇಡೀ ಉಡುಪಿನಲ್ಲಿ ಚೌಕಳಿ ಇದ್ದದ್ದು ಅಲ್ಲೊಂದೇ ಕಡೆ, ಅದಕ್ಕೇ ಅದು ಇಷ್ಟು ವರ್ಷ ನೆನಪಿನಲ್ಲಿ ಉಳಿದಿದೆ.

ಈ ಕೇಸರಿ ಕಿಲ್ಟಿನ ಸಾದಾತನಕ್ಕೆ ದೊಡ್ಡ ಕಥೆಯಿದೆ. ಹಳೆಯ ಐರ್ಲೆಂಡಿನಲ್ಲಿ ಕಿಲ್ಟ್ ಇರಲಿಲ್ಲ. ಇದ್ದದ್ದು ಲೇನ್ಯಾ ಎಂಬ ನಾರುಬಟ್ಟೆಯ ಉದ್ದನೆಯ ಅಂಗಿ ಮತ್ತು ಬ್ರಾಟ್ ಎಂಬ ಉಣ್ಣೆಯ ಹೊದಿಕೆ. ಲೇನ್ಯಾವನ್ನು ಕೇಸರಿ ಬಣ್ಣಕ್ಕೆ ಅದ್ದುತ್ತಿದ್ದರು. ತೋಳು ಜೋಲುವಂತೆ, ಸೊಂಟದ ಕೆಳಗೆ ನೆರಿಗೆ ನಿಲ್ಲುವಂತೆ ಗಜಗಟ್ಟಲೆ ಬಟ್ಟೆ ಸುರಿಯುತ್ತಿದ್ದರು. ಆ ಬಣ್ಣ, ಆ ಗಜಗಳು ಎರಡೂ ಇಂಗ್ಲಿಷರ ಕಣ್ಣಿಗೆ ಚುಚ್ಚಿದವು. ಎಂಟನೆಯ ಹೆನ್ರಿಯ ಕಾಲದಲ್ಲಿ, 1537ರ ಕಾಯಿದೆಯೊಂದು ಕೇಸರಿ ಅದ್ದಿದ ಅಂಗಿ, ತಲೆವಸ್ತ್ರಗಳನ್ನು ನಿಷೇಧಿಸಿತು; ಅಂಗಿಗೆ ಏಳು ಗಜಕ್ಕಿಂತ ಹೆಚ್ಚು ಬಟ್ಟೆ ಬಳಸಬಾರದು ಎಂದಿತು. ಬಟ್ಟೆಯ ಬಣ್ಣವನ್ನೂ ಅಳತೆಯನ್ನೂ ಕಾಯಿದೆ ಬರೆದು ತಡೆಯಬೇಕೆನಿಸಿದ್ದರೆ, ಉಟ್ಟವರಿಗೆ ಅದು ಏನಾಗಿದ್ದಿರಬೇಕು! ಹೊಲಿಗೆಯವಳಾದ ನನಗೆ ಆ ಏಳು ಗಜದ ಮಾತು ಓದಿದಾಗೆಲ್ಲ ಮೈ ಬಿಸಿಯಾಗುತ್ತದೆ.

ಲೇನ್ಯಾ ಮಾಯವಾಗಿ ಶತಮಾನಗಳು ಕಳೆದ ಮೇಲೆ, ಹತ್ತೊಂಬತ್ತನೆಯ ಶತಮಾನದ ಕೊನೆಗೆ, ತಮ್ಮ ಭಾಷೆ ಸಾಯುತ್ತಿದೆ ಎಂದು ಎಚ್ಚೆತ್ತವರು ತಮ್ಮದೇ ಉಡುಪನ್ನೂ ಹುಡುಕಿದರು. ಅವರ ಸಂಘವಾದ ಗೇಲಿಕ್ ಲೀಗ್ ಹುಟ್ಟಿದ್ದು 1893ರಲ್ಲಿ. ಹಳೆಯ ಚಿತ್ರಗಳಲ್ಲಿ ಸೊಂಟದಿಂದ ಕೆಳಗಿಳಿದ ಅಂಗಿಯ ನೆರಿಗೆಯನ್ನು ಕಂಡವರು ಅದನ್ನು ಕಿಲ್ಟ್ ಎಂದೇ ತಿಳಿದರು. ಸ್ಕಾಟ್ಲೆಂಡಿನ ಸಹೋದರರ ಉಡುಪು ಕಣ್ಣೆದುರಿಗಿತ್ತು. ಅದರ ಆಕಾರವನ್ನು ತೆಗೆದುಕೊಂಡು, ಟಾರ್ಟನ್ನನ್ನು ಬಿಟ್ಟು, ನಿಷೇಧಕ್ಕೊಳಗಾಗಿದ್ದ ಬಣ್ಣವನ್ನು ಅದಕ್ಕೆ ತುಂಬಿದರು. ಹಸಿರು ಕಿಲ್ಟೂ ಹೀಗೆಯೇ ಬಂದದ್ದು. ಮನೆತನಕ್ಕೊಂದು ಚೌಕಳಿ ಎಂಬ ಲೆಕ್ಕವನ್ನು ಒಪ್ಪದೆ, ಎಲ್ಲರಿಗೂ ಒಂದೇ ಬಣ್ಣ ಎಂದರು. ಇದು ಪುರಾತನವಲ್ಲ ಎಂದು ವಿದ್ವಾಂಸರು ಆಮೇಲೆ ತೋರಿಸಿಕೊಟ್ಟರು. ಸರಿಯೇ. ಆದರೆ ಆ ಬಣ್ಣವನ್ನು ಆರಿಸಿಕೊಂಡವರ ಮನಸ್ಸು ಸುಳ್ಳಾಗಿರಲಿಲ್ಲ.

ನಮ್ಮ ಊರಿಗೆ ಹತ್ತಿರದ ಲಸ್ಕ್‌ನಲ್ಲಿ ಶಾಲಾಮಾಸ್ತರರಾಗಿದ್ದ, ಐರ್ಲೆಂಡಿನ ಸ್ವಾತಂತ್ರ್ಯಕ್ಕೆ ಹೋರಾಡಿದ ಥಾಮಸ್ ಆಶ್ 1910ರಲ್ಲಿ ಬ್ಲ್ಯಾಕ್ ರೇವನ್ ಎಂಬ ಪೈಪ್ ಬ್ಯಾಂಡ್ ಕಟ್ಟಿದರು. ಆ ಬ್ಯಾಂಡ್ ಇಂದಿಗೂ ನುಡಿಸುತ್ತಿದೆ. 1917ರಲ್ಲಿ ಸೆರೆಮನೆಯ ಉಪವಾಸದಲ್ಲಿ ಬಲವಂತವಾಗಿ ಆಹಾರ ತುರುಕಿದ್ದರಿಂದ ಆಶ್ ತೀರಿಕೊಂಡರು. ಕಿಲ್ಟ್ ಉಟ್ಟು ಪೈಪ್ ಹಿಡಿದು ನಿಂತ ಅವರ ಚಿತ್ರವನ್ನು ಇಲ್ಲಿ ಎಲ್ಲರೂ ಬಲ್ಲರು. ಕಪ್ಪು ಬಿಳುಪಿನ ಚಿತ್ರ, ಬಣ್ಣ ತಿಳಿಯುವುದಿಲ್ಲ. ಆ ಚಿತ್ರ ನೋಡಿದ ಮೇಲೆ ಸಾದಾ ಕಿಲ್ಟಿನ ಮೇಲೆ ಕಂಡದ್ದೆಲ್ಲ ಹೇರಲು ನನಗೆ ಕೈ ಬರುವುದಿಲ್ಲ.

ಸೇನೆಗಳಲ್ಲಿಯೂ ಹಾಗೆಯೇ. ಬ್ರಿಟನ್ನಿನ ಐರಿಷ್ ಗಾರ್ಡ್ಸ್ ಪಡೆಯ ಪೈಪ್ ವಾದಕರು ಕೇಸರಿ ಕಿಲ್ಟಿನೊಂದಿಗೆ ಹಸಿರು ಹೊದಿಕೆ ಧರಿಸುತ್ತಾರೆ. ಸಾದಾದ ಮೇಲೆ ಸಾದಾ. ಐರ್ಲೆಂಡಿನ ಸ್ವಂತ ಸೇನೆಯ ಪೈಪ್ ವಾದಕರದ್ದೂ ಕೇಸರಿ ಕಿಲ್ಟೇ. ಟಾರ್ಟನ್ ಇಲ್ಲದೆಯೇ ಈ ಉಡುಪು ಪೂರ್ತಿಯಾಗಿದೆ. ಆದ್ದರಿಂದ ಅದರ ಮೇಲೆ ಟಾರ್ಟನ್ ಬರುವುದಾದರೆ ಅದಕ್ಕೊಂದು ಕಾರಣ ಬೇಕು, ಜಾಗವೂ ಬೇಕು. ಹಿರಿಯರ ಬಳಿ ಕಾರಣವಿತ್ತು. ಜಾಗ ಹುಡುಕುವುದು ನನ್ನ ಕೆಲಸವಾಯಿತು.

ಆ ಹಳದಿ ಟಾರ್ಟನ್ನಿನ ಕಥೆಯನ್ನೂ ಇಲ್ಲಿ ಹೇಳಿಬಿಡಬೇಕು. 1842ರಲ್ಲಿ ಎಡಿನ್‌ಬರೋದಲ್ಲಿ ಸೋಬಿಯೆಸ್ಕಿ ಸ್ಟುವರ್ಟ್ ಎಂದು ಹೆಸರಿಟ್ಟುಕೊಂಡಿದ್ದ ಇಬ್ಬರು ಸಹೋದರರು, ಹಳೆಯ ಹಸ್ತಪ್ರತಿಯೊಂದರ ಆಧಾರವಿದೆ ಎನ್ನುತ್ತ ಮನೆತನಗಳ ಟಾರ್ಟನ್ನುಗಳ ಪುಸ್ತಕ ತಂದರು. ಹಳದಿ ನೆಲದ ಮೇಲೆ ಮೂರು ಕಪ್ಪು ಪಟ್ಟಿಯ ಮ್ಯಾಕ್ಲೌಡ್ ಬಂದದ್ದು ಅಲ್ಲಿಂದ. ಹಸ್ತಪ್ರತಿಯ ಮಾತು ಕಟ್ಟುಕಥೆ ಎಂದು ಮುಂದೆ ಗೊತ್ತಾಯಿತು. ಅಷ್ಟರಲ್ಲಿ ಜನ ಅದನ್ನು ನೇಯ್ದು, ಉಟ್ಟು, ಮದುವೆಯಾಗಿ, ಹೂಳಿಸಿಕೊಂಡು ತಮ್ಮದನ್ನಾಗಿ ಮಾಡಿಕೊಂಡಿದ್ದರು. ಐರ್ಲೆಂಡಿನ ಕೌಂಟಿಗಳಿಗೆಂದು ಸ್ಕಾಟ್ಲೆಂಡಿನ ಹೌಸ್ ಆಫ್ ಎಡ್ಗರ್ 1996ರಲ್ಲಿ ಹೊರತಂದ ಟಾರ್ಟನ್ನುಗಳಿಗೂ ನನ್ನ ಮರ್ಯಾದೆ ಇದೇ. ವಯಸ್ಸು ಎಷ್ಟು ಎಂದು ಬಟ್ಟೆಯನ್ನು ಕೇಳುವುದಿಲ್ಲ. ಯಾರಿಗಾಗಿ ಉಡುತ್ತೀರಿ ಎಂದು ಉಡುವವರನ್ನು ಕೇಳುತ್ತೇನೆ.

ಮೊದಲ ಪರೀಕ್ಷೆ ಕಿಟಕಿಯ ಬೆಳಕಿನಲ್ಲಿ ನಡೆಯಿತು. ಹೊಲಿಗೆಯ ಗೊಂಬೆಗೆ ಕಿಲ್ಟ್ ಉಡಿಸಿ, ಟಾರ್ಟನ್ನಿನ ತುದಿಯನ್ನು ಎಡ ಹೆಗಲಿನಿಂದ ಸೊಂಟದವರೆಗೆ ಇಳಿಬಿಟ್ಟೆ. ಹಳದಿ ಕೇಸರಿಯನ್ನು ಮುಟ್ಟಿದ ಕಡೆ ಎರಡೂ ಕೆಟ್ಟವು. ಕಿಲ್ಟ್ ತೊಳೆಯದ ಬಟ್ಟೆಯ ಹಾಗೆ ಮಂಕಾಯಿತು, ಟಾರ್ಟನ್ ಹಸಿಹಸಿಯಾಗಿ ಕಣ್ಣಿಗೆ ಹೊಡೆಯಿತು. ತೀರ ದೂರದ ಬಣ್ಣಗಳು ಪಕ್ಕಪಕ್ಕದಲ್ಲಿ ಹೇಗೋ ಬಾಳುತ್ತವೆ. ಒಂದೇ ಮನೆಯ ಎರಡು ಬಣ್ಣಗಳು ಒತ್ತಿ ನಿಂತರೆ ಜಗಳವಾಡುತ್ತವೆ. ಹಿರಿಯರೂ ನೋಡಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

ಹ್ಯಾರಿಸ್‌ನ ಮ್ಯಾಕ್ಲೌಡ್ ಟಾರ್ಟನ್ ಬೇರೆಯದಿದೆ: ಹಸಿರು, ನೀಲಿ, ಕಪ್ಪು, ನಡುವೆ ಹಳದಿ ಮತ್ತು ಕೆಂಪಿನ ತೆಳುಗೆರೆಗಳು. ಲೂಯಿಸ್ ಮತ್ತು ಹ್ಯಾರಿಸ್ ಒಂದೇ ದ್ವೀಪದ ಎರಡು ಭಾಗಗಳು. ಕೇಸರಿ ಕಿಲ್ಟಿನ ಮೇಲೆ ಆ ಗಾಢ ಬಟ್ಟೆ ಅದ್ಭುತವಾಗಿ ಕೂರುತ್ತದೆ, ಅದರ ಹಳದಿ ಗೆರೆ ಕಿಲ್ಟಿನ ಬಣ್ಣವನ್ನು ಎತ್ತಿ ತೋರಿಸುತ್ತದೆ. ಅದನ್ನು ತರಿಸೋಣವೇ ಎಂದು ಕೇಳಿದೆ. ‘ಚೆನ್ನಾಗಿರುತ್ತದೆ, ಆದರೆ ಅದು ನನ್ನ ಅಜ್ಜಿಯದಲ್ಲ’ ಎಂದರು. ಆ ಉತ್ತರ ನನಗೆ ಹಿಡಿಸಿತು. ಬಣ್ಣದ ಲೆಕ್ಕದಲ್ಲಿ ನಾನು ಸರಿ, ಆದರೆ ಬಣ್ಣದ ಲೆಕ್ಕವೇ ಎಲ್ಲವೂ ಅಲ್ಲ.

ಹಾಗಾದರೆ ಎಲ್ಲಿ? ಹೆಗಲ ಪ್ಲ್ಯಾಡ್ ಬೇಡ ಎಂದು ಇಬ್ಬರೂ ಒಪ್ಪಿದೆವು. ಈ ಉಡುಪಿನಲ್ಲಿ ಹೆಗಲು ಬ್ರಾಟ್‌ನ ಜಾಗ. ಅಲ್ಲಿ ಟಾರ್ಟನ್ ಹಾಕಿದರೆ ಅದು ಅಲಂಕಾರವಾಗಿ ಉಳಿಯುವುದಿಲ್ಲ, ಇಡೀ ಉಡುಪಿನ ಯಜಮಾನನಾಗುತ್ತದೆ. ಅವರ ಮನೆಯಲ್ಲಿ ತಾರಾ ಬ್ರೋಚಿನ, ಎಂದರೆ ಹೊದಿಕೆಗೆ ಚುಚ್ಚುವ ಹಳೆಯ ಐರಿಷ್ ಪಿನ್ನಿನ, ನಕಲೊಂದಿತ್ತು. ಮೂಲ ಬ್ರೋಚು ಸಿಕ್ಕಿದ್ದು 1850ರಲ್ಲಿ ಮೀತ್ ಕೌಂಟಿಯ ಬೆಟ್ಟಿಸ್‌ಟೌನ್‌ನಲ್ಲಿ. ತಾರಾ ಬೆಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಅಂಟಿಕೊಂಡಿದೆ. ಆ ಬ್ರೋಚಿನಿಂದ ಗಾಢ ಹಸಿರಿನ ಸಾದಾ ಹೊದಿಕೆ ಸಿಕ್ಕಿಸುವುದೆಂದು ತೀರ್ಮಾನವಾಯಿತು. ವೇಸ್ಟ್‌ಕೋಟಿನ ಮಾತನ್ನು ಅವರೇ ಬಿಟ್ಟರು.

ಟೈ ಬಗ್ಗೆ ನಾನೇ ಎರಡು ದಿನ ಯೋಚಿಸಿದೆ. ಟೈ ಕತ್ತರಿಸುವುದು ಓರೆಯಾಗಿ, ನಲವತ್ತೈದು ಡಿಗ್ರಿಯಲ್ಲಿ. ಹಾಗೆ ಕತ್ತರಿಸಿದರೆ ಚೌಕವೆಲ್ಲ ವಜ್ರಾಕಾರವಾಗಿ ತಿರುಗುತ್ತದೆ. ಕಿಲ್ಟಿಗೆಂದು ನೇಯ್ದ ಬಟ್ಟೆಯಲ್ಲಿ ವಿನ್ಯಾಸದ ಒಂದು ಸುತ್ತು ಆರೇಳು ಇಂಚು ಇರುತ್ತದೆ. ಟೈಯ ಅಗಲದಲ್ಲಿ ಅದರ ಅರ್ಧವೂ ಹಿಡಿಸುವುದಿಲ್ಲ. ಎಲ್ಲೋ ಒಂದು ಕಪ್ಪು ಮೂಲೆ, ಎಲ್ಲೋ ಒಂದು ಹಳದಿ ತುಂಡು. ಅದಕ್ಕೇ ಟೈಗೆ ಬೇರೆಯಾಗಿ ತೆಳುವಾದ ಉಣ್ಣೆಯಲ್ಲಿ ಸಣ್ಣ ಚೌಕಳಿ ನೇಯುತ್ತಾರೆ. ಈ ದಪ್ಪ ಬಟ್ಟೆಯಲ್ಲಿ ಗಂಟು ಮುಷ್ಟಿಯಷ್ಟು ದಪ್ಪವಾಗುತ್ತಿತ್ತು. ಸಾದಾ ಹಸಿರು ಟೈ ಸಾಕು ಎಂದೆ.

ಉಳಿದದ್ದು ಕಾಲುಚೀಲದ ಪಟ್ಟಿಗಳು, ಇಲ್ಲಿನವರು ಫ್ಲ್ಯಾಶ್ ಎನ್ನುವುದು. ಮೊಣಕಾಲಿನ ಕೆಳಗೆ ಕಾಲುಚೀಲವನ್ನು ಎಲಾಸ್ಟಿಕ್ಕಿನಿಂದ ಬಿಗಿದು, ಮೇಲಂಚನ್ನು ಅದರ ಮೇಲೆ ಮಡಚುತ್ತಾರೆ. ಮಡಿಕೆಯ ಕೆಳಗಿನಿಂದ, ಕಾಲಿನ ಹೊರಮಗ್ಗುಲಿಗೆ ಎರಡು ಬಾಲಗಳಂತೆ ಇಣುಕುವ ಬಟ್ಟೆ ಇದು. ಇಡೀ ಉಡುಪಿನಲ್ಲಿ ಅತಿ ಸಣ್ಣ ಜಾಗ. ಆದರೆ ನೋಡಿ, ಕಿಲ್ಟಿನ ಅಂಚಿಗೂ ಫ್ಲ್ಯಾಶಿಗೂ ನಡುವೆ ಬರಿಯ ಮೊಣಕಾಲಿದೆ, ಗಾಢ ಹಸಿರಿನ ಕಾಲುಚೀಲದ ಮಡಿಕೆಯಿದೆ. ಎರಡು ಹಳದಿಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ನಡೆಯುವಾಗ ಮಾತ್ರ ಮಿಂಚಿ ಮರೆಯಾಗುತ್ತದೆ.

ಅಲ್ಲಿಯೂ ಮೊದಲ ಸಲ ತಪ್ಪು ಮಾಡಿದೆ. ಬಟ್ಟೆ ಉಳಿಯಲಿ ಎಂದು ಅಂಚಿನಿಂದಲೇ ಒಂದೂವರೆ ಇಂಚಿನ ಪಟ್ಟಿಗಳನ್ನು ಕತ್ತರಿಸಿ, ಮಡಚಿ, ಇಸ್ತ್ರಿ ಹಾಕಿ ಹೊಲಿದೆ. ತಿರುಗಿಸಿ ನೋಡಿದರೆ ಒಂದರಲ್ಲಿ ಬರೀ ಕಪ್ಪು, ಇನ್ನೊಂದರಲ್ಲಿ ಕಪ್ಪಿನ ಬದಿಗೆ ಒಂದಿಷ್ಟು ಹಳದಿ. ಕೆಂಪು ಗೆರೆ ಎಲ್ಲಿಯೂ ಇಲ್ಲ. ಅದು ಯಾವ ಮನೆತನದ್ದೂ ಆಗಿರಲಿಲ್ಲ, ಅಪಾಯದ ಜಾಗಕ್ಕೆ ಕಟ್ಟುವ ಪಟ್ಟಿಯಂತಿತ್ತು. ಬಿಚ್ಚಿ ಪಕ್ಕಕ್ಕಿಟ್ಟೆ. ಎರಡನೆಯ ಸಲ ಕೆಂಪು ಗೆರೆಯನ್ನು ಗುಂಡುಸೂಜಿಯಿಂದ ಉದ್ದಕ್ಕೂ ಗುರುತು ಮಾಡಿ, ಅದು ಪಟ್ಟಿಯ ನಟ್ಟನಡುವೆ ಇಳಿಯುವಂತೆ ಕತ್ತರಿಸಿದೆ. ಹೊಕ್ಕಿನ ಕೆಂಪು ಹಾಸಿನ ಕೆಂಪನ್ನು ದಾಟುವ ಚುಕ್ಕೆ ನಾಲ್ಕೂ ಬಾಲಗಳಲ್ಲಿ ಒಂದೇ ಎತ್ತರಕ್ಕೆ ಬರಬೇಕಿತ್ತು. ಕೆಂಪಿನ ಮೇಲೆ ಕೆಂಪು ಕೂಡಿದ ಕಡೆ ಮಾತ್ರ ಅಪ್ಪಟ ಕೆಂಪು. ಮಿಕ್ಕ ಕಡೆ ಕೆಂಪು ಹಳದಿಯ ಜೊತೆ ಓರೆ ಓರೆಯಾಗಿ ಬೆರೆತು ಕಿತ್ತಳೆಯಾಗುತ್ತದೆ, ಕಪ್ಪಿನ ಜೊತೆ ಬೆರೆತು ಕಂದಾಗುತ್ತದೆ. ಟಾರ್ಟನ್ನಿನಲ್ಲಿ ಮೂರು ಬಣ್ಣದ ನೂಲಿದ್ದರೆ ಕಣ್ಣಿಗೆ ಆರು ಬಣ್ಣ ಕಾಣುವುದು ಹೀಗೆ. ನಾಲ್ಕು ಬಾಲ ಹೊಲಿಯಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು.

ಕೈಯಲ್ಲಿ ಹಿಡಿದು ಹಿರಿಯರು ಹೆಬ್ಬೆರಳಿನಿಂದ ಕೆಂಪು ಗೆರೆಯನ್ನು ಸವರಿದರು. ಅಜ್ಜಿಯ ಬೆರಳಿಗೆ ಸುತ್ತಿದ್ದ ಚಿಂದಿಯೂ ಇಷ್ಟೇ ಅಗಲವಿತ್ತಂತೆ ಎಂದರು. ಅದು ಯಾರು ಹೇಳಿದ್ದು ಎಂದು ಕೇಳಲಿಲ್ಲ.

ಮದುವೆಯ ದಿನ ಚರ್ಚಿನ ಮೆಟ್ಟಿಲ ಕೆಳಗೆ ನಿಂತು ನೋಡಿದೆ. ಕೇಸರಿ ಕಿಲ್ಟ್, ಹಸಿರು ಹೊದಿಕೆ, ಮಗಳ ಕೈ ಹಿಡಿದು ಹತ್ತುವಾಗ ಹೆಜ್ಜೆಗೊಮ್ಮೆ ಕಾಲಿನ ಬಳಿ ಹಳದಿ. ಮುಂದಿದ್ದ ಮುದುಕಿಯೊಬ್ಬರು ಬಾಗಿ ನೋಡಿ ‘ಲೂಯಿಸ್!’ ಎಂದರು. ಅಷ್ಟು ಸಣ್ಣ ತುಂಡಿನಲ್ಲಿ ಅವರು ಗುರುತು ಹಿಡಿದದ್ದು ಆ ಕೆಂಪು ಗೆರೆಯಿಂದ ಎಂದು ನಾನು ನಂಬಿದ್ದೇನೆ.

ಅಂಗಡಿಗಳಲ್ಲಿ ಈಗ ಟೈ, ಫ್ಲ್ಯಾಶ್, ಪ್ಲ್ಯಾಡ್ ಮೂರನ್ನೂ ಒಂದೇ ಟಾರ್ಟನ್ನಿನಲ್ಲಿ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಸಾದಾ ಕಿಲ್ಟಿಗೆ ಮೂರೂ ಒಟ್ಟಿಗೆ ಬೇಡ ಎಂದೇ ನನ್ನ ಅಭಿಪ್ರಾಯ. ಟೈ ಮತ್ತು ಫ್ಲ್ಯಾಶ್ ಆಗಬಹುದು, ನಡುವೆ ದೇಹದುದ್ದದ ಅಂತರವಿದೆ. ಪ್ಲ್ಯಾಡ್ ಬೇಕೇ ಬೇಕು ಎನ್ನುವವರು ಅದೊಂದನ್ನೇ ಹಾಕಲಿ, ಮಿಕ್ಕದ್ದೆಲ್ಲ ಸಾದಾ ಇರಲಿ. ಪೈಪ್ ನುಡಿಸುವವರಿಗೆ ಇನ್ನೊಂದು ಒಳ್ಳೆಯ ಜಾಗವಿದೆ: ತೋಳಿನ ಕೆಳಗಿನ ಚೀಲದ ಹೊದಿಕೆ. ಮೈಯ ಮೇಲೆ ಒಂದು ಚೌಕವೂ ಇಲ್ಲದೆ ಮನೆತನದ ಗುರುತು ಅಪ್ಪಿಕೊಂಡಂತೆ ಇರುತ್ತದೆ. ಎರಡು ಬೇರೆ ಬೇರೆ ಟಾರ್ಟನ್ ಮಾತ್ರ ಬೇಡ, ತಾಯಿಯ ಕಡೆಯದೊಂದು ತಂದೆಯ ಕಡೆಯದೊಂದು ಎಂದು ಎಷ್ಟೇ ಪ್ರೀತಿಯಿಂದ ಕೇಳಿದರೂ. ಪರಸ್ಪರ ಕಾದಾಡುವ ಚೌಕಗಳಲ್ಲಿ ಇಬ್ಬರ ಗುರುತೂ ಕಾಣದೆ ಹೋಗುತ್ತದೆ.

ನಿನ್ನೆ ಸಂಜೆ ಹಸಿರು ಕಿಲ್ಟೊಂದು ಬಂದಿದೆ. ಜೊತೆಗೆ ಕೆಂಪೇ ಕೆಂಪಾದ ರಾಯಲ್ ಸ್ಟುವರ್ಟ್ ಟಾರ್ಟನ್ನಿನ ಪ್ಲ್ಯಾಡ್, ಮತ್ತು ನೀಲಿ ಹಸಿರಿನ ಬ್ಲ್ಯಾಕ್ ವಾಚ್ ಟಾರ್ಟನ್ನಿನ ತುಂಡು. ಕೆಂಪು ಹಸಿರನ್ನು ಒದರಿಸುತ್ತದೆ ಎಂದು ಈಗಲೇ ಗೊತ್ತು. ಬ್ಲ್ಯಾಕ್ ವಾಚ್‌ನ ಹಸಿರು ಕಿಲ್ಟಿನ ಹಸಿರಿಗೆ ಒಗ್ಗುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ. ಬಲ್ಬಿನ ಬೆಳಕಿನಲ್ಲಿ ಎರಡೂ ಒಂದೇ ಎನಿಸಿದವು, ಆದರೆ ಬಲ್ಬಿನ ಬೆಳಕಿನಲ್ಲಿ ಬಣ್ಣ ಕೂಡಿಸುವುದನ್ನು ನಾನು ಎಂದೋ ಬಿಟ್ಟಿದ್ದೇನೆ. ಬೆಳಗಿನಿಂದ ಮಳೆ. ಎರಡನ್ನೂ ಕಿಟಕಿಯ ಬಳಿ ತೂಗುಹಾಕಿ, ಮೋಡ ಸರಿಯಲಿ ಎಂದು ಕುಳಿತಿದ್ದೇನೆ.